ಮರದ ಮೇಲೆ ಸುಟ್ಟು ಬರೆಯುವ ಪೆನ್ನು: ಆರಿಸುವಾಗ ಏನು ನೋಡಬೇಕು

ಬಿಳಿ ಮರದ ತುಂಡೊಂದನ್ನು ತೆಗೆದುಕೊಂಡು, ಕಾದ ಮೊನೆಯಿಂದ ಒಂದೇ ವೇಗದಲ್ಲಿ ಹತ್ತು ಸೆಂಟಿಮೀಟರ್ ಗೆರೆ ಎಳೆಯಿರಿ. ಕಳಪೆ ಪೆನ್ನಾದರೆ ಮೊದಲ ಒಂದು ಸೆಂಟಿಮೀಟರ್ ಕಡುಗಪ್ಪು, ನಡುವೆ ಕಂದು, ಕೊನೆ ಮುಟ್ಟುವಷ್ಟರಲ್ಲಿ ಗೋಧಿ ಬಣ್ಣ. ಕೈ ನಡುಗಿಲ್ಲ, ಮರ ಬದಲಾಗಿಲ್ಲ. ಮೊನೆಯ ಕಾವನ್ನು ಮರ ಎಳೆದುಕೊಂಡಿತು, ಹೋದಷ್ಟು ಕಾವನ್ನು ಪೆನ್ನು ಅದೇ ವೇಗದಲ್ಲಿ ತುಂಬಿಕೊಳ್ಳಲಿಲ್ಲ, ಅಷ್ಟೇ. ಪೈರೋಗ್ರಫಿಗೆ, ಅಂದರೆ ಮರದ ಮೇಲೆ ಸುಟ್ಟು ಬರೆಯುವ ಕಲೆಗೆ, ಪೆನ್ನು ಕೊಳ್ಳುವವರು ಪೆಟ್ಟಿಗೆಯ ಮೇಲಿನ ವ್ಯಾಟ್ ಮತ್ತು ಗರಿಷ್ಠ ಉಷ್ಣತೆ ನೋಡುತ್ತಾರೆ. ನೋಡಬೇಕಾದದ್ದು ಈ ಹತ್ತು ಸೆಂಟಿಮೀಟರ್ ಗೆರೆಯನ್ನು.

ಮರವನ್ನು ಸುಡಲು ಬೇಕಾದ ಕಾವು ಅಷ್ಟೇನೂ ಹೆಚ್ಚಿಲ್ಲ. ಕಟ್ಟಿಗೆಯಲ್ಲಿರುವ ಹೆಮಿಸೆಲ್ಯುಲೋಸ್ ಸುಮಾರು 220 ಡಿಗ್ರಿ ಸೆಲ್ಸಿಯಸ್‌ಗೇ ಒಡೆಯತೊಡಗುತ್ತದೆ. ಸೆಲ್ಯುಲೋಸ್ 315ರಿಂದ 400 ಡಿಗ್ರಿಯ ನಡುವೆ ಸರಸರನೆ ಒಡೆದುಹೋಗುತ್ತದೆ. ಮರದ ನಾರುಗಳನ್ನು ಬೆಸೆದಿಡುವ ಲಿಗ್ನಿನ್ ಇನ್ನೂ ಹಟಮಾರಿ, ನಿಧಾನವಾಗಿ ಇದ್ದಿಲಾಗುತ್ತದೆ. ಜೇನುಬಣ್ಣದಿಂದ ಕಂದಿನವರೆಗಿನ ಸೊಗಸೆಲ್ಲ 200ರಿಂದ 300ರ ಆಸುಪಾಸಿನ ಆ ಸಣ್ಣ ಕಿಂಡಿಯಲ್ಲಿದೆ. ಅದರಾಚೆ ಬರೀ ಕರಕಲು. ಅಗ್ಗದ ಪೆನ್ನೂ ಈ ಉಷ್ಣತೆಯನ್ನು ಮುಟ್ಟುತ್ತದೆ. ಆ ಕಿಂಡಿಯೊಳಗೆ ಸ್ಥಿರವಾಗಿ ನಿಲ್ಲುವುದು ಮಾತ್ರ ಎಲ್ಲ ಪೆನ್ನುಗಳಿಗೂ ಸಾಧ್ಯವಿಲ್ಲ.

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಎರಡು ಜಾತಿಗಳಿವೆ. ಒಂದು, ವೈರುಗಳನ್ನು ತವರದಿಂದ ಬೆಸೆಯುವ ಸೋಲ್ಡರಿಂಗ್ ಐರನ್‌ನ ತಮ್ಮ: ಹಿಡಿಕೆಯೊಳಗೆ ಸುರುಳಿ, ತುದಿಗೆ ತಿರುಪಿ ಕೂರಿಸುವ ಹಿತ್ತಾಳೆ ಮೊನೆ, 25-30 ವ್ಯಾಟ್, ನೇರವಾಗಿ 230 ವೋಲ್ಟ್. ಇನ್ನೊಂದು ಬಿಸಿತಂತಿಯ ಪೆನ್ನು: ಮೇಜಿನ ಮೇಲೊಂದು ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆ, ಅದರಿಂದ ಬರುವ ಒಂದೆರಡು ವೋಲ್ಟ್‌ನಲ್ಲಿ ಹಲವು ಆಂಪಿಯರ್ ಕರೆಂಟು, ತುದಿಯಲ್ಲಿ ಬಾಗಿಸಿದ ನೈಕ್ರೋಮ್ ತಂತಿ. ನಿಕ್ಕಲ್ ಮತ್ತು ಕ್ರೋಮಿಯಂ ಬೆರೆತ ಈ ಲೋಹಕ್ಕೆ ಅಮೆರಿಕದ ಆಲ್ಬರ್ಟ್ ಮಾರ್ಷ್ 1906ರಲ್ಲಿ ಪೇಟೆಂಟ್ ಪಡೆದ. ಕೆಂಪಗೆ ಕಾದರೂ ಬೇಗ ತುಕ್ಕಾಗಿ ಉದುರದ ಈ ತಂತಿಯೇ ನಮ್ಮ ಗೀಸರ್, ಇಸ್ತ್ರಿಪೆಟ್ಟಿಗೆಗಳಲ್ಲೂ ಇರುವುದು.

ಎರಡರ ಸ್ವಭಾವ ಎಷ್ಟು ಬೇರೆ ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. 5 ಗ್ರಾಂ ಹಿತ್ತಾಳೆ ಮೊನೆಯನ್ನು 450 ಡಿಗ್ರಿಗೆ ಕಾಯಿಸಲು ಸುಮಾರು 800 ಜೂಲ್ ಬೇಕು. 0.7 ಮಿಲಿಮೀಟರ್ ದಪ್ಪದ ಮೂರು ಸೆಂಟಿಮೀಟರ್ ನೈಕ್ರೋಮ್ ತಂತಿಯ ತೂಕ ಒಂದು ಗ್ರಾಂನ ಹತ್ತನೇ ಒಂದು ಪಾಲು. ಅದನ್ನು 600 ಡಿಗ್ರಿಗೆ ಒಯ್ಯಲು 30 ಜೂಲ್ ಕೂಡ ಬೇಡ. ಅದಕ್ಕೇ ಹಿತ್ತಾಳೆ ಪೆನ್ನು ಕಾಯಲು ಐದರಿಂದ ಹತ್ತು ನಿಮಿಷ ಹಿಡಿಯುತ್ತದೆ, ತಂತಿಗೆ ಕೆಲವೇ ಸೆಕೆಂಡು ಸಾಕು. ಹಿತ್ತಾಳೆ ಮೊನೆ ದಪ್ಪ ದೋಸೆ ಕಾವಲಿಯಿದ್ದಂತೆ: ಕೂಡಿಟ್ಟ ಕಾವಿನಲ್ಲಿ ಮೊದಲು ಜೋರಾಗಿ ಸುಡುತ್ತದೆ, ಕಾವು ಇಳಿದ ಮೇಲೆ ಏರಲು ಸತಾಯಿಸುತ್ತದೆ, ಏಕೆಂದರೆ ಹೊಸ ಕಾವು ಹಿಡಿಕೆಯೊಳಗಿನ ಸುರುಳಿಯಿಂದ ತುದಿಯವರೆಗೆ ನಡೆದುಬರಬೇಕು, ದಾರಿಯಲ್ಲೇ ಬಹಳಷ್ಟು ಗಾಳಿಗೆ ಹೋಗುತ್ತದೆ. ತಂತಿಯಲ್ಲಾದರೋ ಕಾವು ಹುಟ್ಟುವುದೇ ಮರವನ್ನು ಮುಟ್ಟುವ ಜಾಗದಲ್ಲಿ.

ಹಾಗೆಂದು ತಂತಿಯ ಪೆನ್ನು ತಪ್ಪೇ ಮಾಡದು ಎಂದಲ್ಲ. ಸಾಮಾನ್ಯ ಪೆಟ್ಟಿಗೆಗಳ ಗುಂಡಿ ನಿಯಂತ್ರಿಸುವುದು ತುದಿಗೆ ಹೋಗುವ ಶಕ್ತಿಯನ್ನು, ಉಷ್ಣತೆಯನ್ನಲ್ಲ. ಪೆನ್ನನ್ನು ಗಾಳಿಯಲ್ಲಿ ಹಿಡಿದಾಗ ಕಾವು ಎಳೆದುಕೊಳ್ಳಲು ಮರವಿಲ್ಲ, ತಂತಿ ಕೆಲಸದ ಉಷ್ಣತೆಗಿಂತ ಮೇಲೇರಿ ಕೂತಿರುತ್ತದೆ. ಇಟ್ಟ ಕ್ಷಣವೇ ಒಂದು ಕಪ್ಪು ಚುಕ್ಕೆ ಬೀಳುತ್ತದೆ. ಹೊಸಬರ ಗೆರೆಗಳ ಮೊದಲ ತುದಿಯಲ್ಲಿ ಕಾಣುವ ಗಂಟು ಇದೇ; ಕೊನೆಯ ತುದಿಯದು ಕೈ ನಿಂತಾಗ ಬೀಳುವ ಗಂಟು. ಗುಂಡಿ ತಿರುಗಿಸಿದರೆ ಇದು ಹೋಗದು. ಮೊನೆಯನ್ನು ಮೊದಲು ಪಕ್ಕದ ಚೂರು ಮರಕ್ಕೆ ತಾಗಿಸಿ ಅಥವಾ ಮೆಲ್ಲಗೆ ಊದಿ ಕಾವಿಳಿಸಿ, ಆಮೇಲೆ ಕೈ ಚಲಿಸುತ್ತಿರುವಾಗಲೇ ಮರಕ್ಕೆ ಇಳಿಸಿ. ಎತ್ತುವಾಗಲೂ ನಿಲ್ಲಿಸದೆ ಎತ್ತಿ. ಕಾವಲಿಗೆ ನೀರು ಚಿಮುಕಿಸಿ ಹಿಟ್ಟು ಹುಯ್ಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತಂತಿಯ ಪೆನ್ನು ಕೊಳ್ಳುವಾಗ ಯಾರೂ ನೋಡದ, ಆದರೆ ಎಲ್ಲಕ್ಕಿಂತ ಮೊದಲು ನೋಡಬೇಕಾದ ಭಾಗ ಪೆನ್ನಿಗೂ ಪೆಟ್ಟಿಗೆಗೂ ನಡುವಿನ ವೈರು. ಮೇಲೆ ಹೇಳಿದ ಮೂರು ಸೆಂಟಿಮೀಟರ್ ತಂತಿಯ ರೋಧ ಸುಮಾರು 0.08 ಓಮ್. ಅದರಲ್ಲಿ 10 ಆಂಪಿಯರ್ ಹರಿದರೆ 8 ವ್ಯಾಟ್ ಕಾವು, ಅಷ್ಟಕ್ಕೇ ತಂತಿ ಕೆಂಪಾಗುತ್ತದೆ. ಒಂದು ಮೀಟರ್ ವೈರು ಎಂದರೆ ಹೋಗಿ ಬರುವ ದಾರಿ ಸೇರಿ ಎರಡು ಮೀಟರ್ ತಾಮ್ರ. ಅದು 0.75 ಚದರ ಮಿಲಿಮೀಟರ್‌ನ ತೆಳು ವೈರಾದರೆ ಅದರ ರೋಧವೇ 0.046 ಓಮ್! ತುದಿಗೂ ವೈರಿಗೂ ಹಂಚಿಹೋಗುವ ಶಕ್ತಿಯಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ವೈರನ್ನು ಬೆಚ್ಚಗೆ ಮಾಡುವುದಕ್ಕೇ ಮುಗಿಯುತ್ತದೆ. 2.5 ಚದರ ಮಿಲಿಮೀಟರ್ ತಾಮ್ರವಾದರೆ ಈ ನಷ್ಟ ಏಳನೇ ಒಂದು ಪಾಲಿಗೆ ಇಳಿಯುತ್ತದೆ. ಆದ್ದರಿಂದ ವೈರು ದಪ್ಪವೂ, ನೂಲಿನಂಥ ಸಣ್ಣ ಎಳೆಗಳಿಂದ ಹೆಣೆದದ್ದರಿಂದ ಮೆತ್ತಗೂ ಇರಬೇಕು. ಗಡುಸಾದ ದಪ್ಪ ವೈರು ಮಣಿಕಟ್ಟನ್ನು ಎಳೆಯುತ್ತಲೇ ಇರುತ್ತದೆ. ತಂತಿಯನ್ನು ಕಚ್ಚಿ ಹಿಡಿಯುವ ತಿರುಪು ಸಡಿಲವಾದರೂ ಇದೇ ಕಥೆ: ತುದಿ ಮಂಕು, ಹಿಡಿಕೆ ಬಿಸಿ. ಅಂಗಡಿಯಲ್ಲಿ ಹತ್ತು ನಿಮಿಷ ಪೆನ್ನು ಉರಿಸಿ, ಆಮೇಲೆ ವೈರನ್ನೂ ಅದರ ಎರಡೂ ತುದಿಯ ಜೋಡಣೆಗಳನ್ನೂ ಬೆರಳಿನಿಂದ ಮುಟ್ಟಿ ನೋಡಿ. ಎಲ್ಲಿ ಬಿಸಿಯೋ ಅಲ್ಲೇ ನಿಮ್ಮ ಕಾವು ಸೋರುತ್ತಿದೆ.

ಹಿಡಿಕೆಯ ಬಗ್ಗೆ ಇನ್ನೊಂದು ಮಾತು. ಬೆರಳಿಗೂ ಮೊನೆಗೂ ನಡುವಿನ ದೂರ ಎಷ್ಟು ಕಡಿಮೆಯೋ ಗೆರೆಯ ಮೇಲೆ ಅಷ್ಟು ಹಿಡಿತ. ಹಿತ್ತಾಳೆ ಪೆನ್ನುಗಳಲ್ಲಿ ಸುರುಳಿ ನಡುವೆ ಕೂರುವುದರಿಂದ ಬೆರಳು ತುಂಬ ಹಿಂದೆ ಉಳಿಯುತ್ತದೆ. ತಂತಿಯ ಪೆನ್ನನ್ನು ಬರೆಯುವ ಪೆನ್ನಿನಂತೆಯೇ ಹಿಡಿಯಬಹುದು. ಹೆಸರಿನ ಫಲಕ, ದಪ್ಪ ಅಕ್ಷರ, ರಂಗೋಲಿ ಅಂಚುಗಳಿಗೆ ಹಿತ್ತಾಳೆ ಪೆನ್ನು ಚೆನ್ನಾಗಿಯೇ ಸಾಕು. ಮುಖ, ಹಕ್ಕಿಯ ಗರಿ, ಮೋಡದಂಥ ನೆರಳು ಬೇಕೆಂದರೆ ತಂತಿಯ ಪೆನ್ನಿಗೇ ಹೋಗಿ.

ಒಂದೇ ಪೆಟ್ಟಿಗೆಯಲ್ಲಿ ಇಪ್ಪತ್ತು ಮೂವತ್ತು ಮೊನೆ ಕೊಡುವುದನ್ನು ನೋಡಿ ಮರುಳಾಗಬೇಡಿ. ಕೆಲಸಕ್ಕೆ ಬರುವುದು ಮೂರು: ಗೆರೆಗೆ ಚಾಕುವಿನಂಥ ಓರೆಮೊನೆ, ಅಕ್ಷರಕ್ಕೆ ದುಂಡುಮೊನೆ, ನೆರಳಿಗೆ ಚಮಚದ ಬೆನ್ನಿನಂಥ ಚಪ್ಪಟೆ ಮೊನೆ. ಹಿತ್ತಾಳೆ ಮೊನೆಯನ್ನು ಪೂರ್ತಿ ತಣಿದ ಮೇಲಷ್ಟೇ ಬದಲಿಸಿ. ಬಿಸಿಯಲ್ಲಿ ಇಕ್ಕಳ ಹಾಕಿದರೆ ಮೆತ್ತಗಾದ ತಿರುಪಿನ ಹಲ್ಲು ಕಿತ್ತುಬರುತ್ತದೆ, ಅಲ್ಲಿಗೆ ಪೆನ್ನೇ ಹೋದಂತೆ. ತವರ ಬೆಸೆದು ಹಳೆಯದಾದ ಸೋಲ್ಡರಿಂಗ್ ಮೊನೆಯನ್ನು ಮರಕ್ಕೆ ತರಲೇಬೇಡಿ, ಅದರಲ್ಲಿ ಸೀಸ ಅಂಟಿರಬಹುದು. ಅಮೆರಿಕದಿಂದ ಬಂಧುಗಳು ತಂದುಕೊಟ್ಟ ಪೆನ್ನಾದರೆ ಮೈಮೇಲಿನ ಬರಹ ಓದಿ. 120 ವೋಲ್ಟ್‌ನ 30 ವ್ಯಾಟ್ ಪೆನ್ನನ್ನು ನಮ್ಮ 230 ವೋಲ್ಟ್‌ಗೆ ಸಿಕ್ಕಿಸಿದರೆ ಅದು 110 ವ್ಯಾಟ್ ಎಳೆಯುತ್ತದೆ, ಸುರುಳಿ ಸುಟ್ಟುಹೋಗುತ್ತದೆ.

ಬರೆಯುತ್ತಾ ಬರೆಯುತ್ತಾ ಮೊನೆಗೆ ಇದ್ದಿಲು ಮೆತ್ತಿಕೊಳ್ಳುತ್ತದೆ. ಅದು ಕಾವನ್ನು ತಡೆಯುತ್ತದೆ, ಮರದ ಮೇಲೆ ಜಾರದೆ ತಡವರಿಸುತ್ತದೆ, ಮಸಿ ಬಳಿಯುತ್ತದೆ. ಗೆರೆ ಮಂಕಾಯಿತೆಂದು ಗುಂಡಿ ಏರಿಸುವ ಮೊದಲು ಮೊನೆ ಕೆರೆದು ನೋಡಿ. ತಂತಿಯನ್ನು ಚಾಕುವಿನ ಬೆನ್ನಿನಿಂದ ಮೆಲ್ಲಗೆ ಕೆರೆದರೆ ಸಾಕು. ಒರಟು ಎಮರಿ ಉಜ್ಜಿದರೆ ತಂತಿ ಸವೆದು ಅಲ್ಲಿ ತೆಳುವಾಗುತ್ತದೆ, ತೆಳುವಾದ ಜಾಗ ಹೆಚ್ಚು ಕಾದು ಅಲ್ಲೇ ತುಂಡಾಗುತ್ತದೆ.

ಮರ ತಪ್ಪಾದರೆ ಒಳ್ಳೆಯ ಪೆನ್ನೂ ಸೋಲುತ್ತದೆ. ಹಸಿ ಮರದಲ್ಲಿ ಕಾವೆಲ್ಲ ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ, ತೇವ ಶೇ. 12ಕ್ಕಿಂತ ಕಡಿಮೆಯಿರಲಿ. ಪೈನ್‌ನಲ್ಲಿ ಮೆದು ಮತ್ತು ಗಡುಸು ಪಟ್ಟೆಗಳು ಸರದಿಯಂತೆ ಬರುವುದರಿಂದ ಗೆರೆ ಎಡವುತ್ತದೆ, ರಾಳ ಬೇರೆ ಹೊಗೆಯಾಡುತ್ತದೆ. ತೇಗ, ಬೀಟೆಯ ಬಣ್ಣ ಗಾಢ; ಬರೆದದ್ದು ಎದ್ದು ಕಾಣದು. ಎಂಡಿಎಫ್ (ಮರದ ನಾರನ್ನು ಅಂಟು ಬೆರೆಸಿ ಒತ್ತಿದ ಹಲಗೆ), ಬಣ್ಣ ಬಳಿದ ಮರ, ಗೆದ್ದಲಿನ ಔಷಧಿ ಕುಡಿಸಿದ ಮರ ಇವನ್ನು ಸುಡಲೇಬಾರದು, ಅಂಟು ಮತ್ತು ರಾಸಾಯನಿಕಗಳ ಹೊಗೆ ವಿಷ. ಒಳ್ಳೆಯ ಮರದ ಹೊಗೆಯೂ ಶ್ವಾಸಕೋಶಕ್ಕೆ ಹಿತವಲ್ಲ. ಫ್ಯಾನನ್ನು ಹೊಗೆ ಆಚೆ ಎಳೆಯುವಂತೆ ಇಡಿ, ಮೊನೆಯ ಮೇಲೆ ಬೀಸುವಂತಲ್ಲ.

ನಮ್ಮಲ್ಲಿ ಇದಕ್ಕೆ ಹೇಳಿ ಮಾಡಿಸಿದ ಮರವಿದೆ: ಚನ್ನಪಟ್ಟಣದ ಬೊಂಬೆಗಳ ಹಾಲೆ ಮರ, ಅಲ್ಲಿನವರ ಬಾಯಲ್ಲಿ ಆಲೆ ಮರ. ದಂತದಂಥ ಬಿಳುಪು, ನುಣುಪಾದ ಎಳೆ, ಯಾವ ದಿಕ್ಕಿಗೆ ಎಳೆದರೂ ಗೆರೆ ಹೆಚ್ಚು ತಡವರಿಸದು. ಮರಳು ಕಾಗದದಿಂದ 120, 180, 220 ನಂಬರಿನ ಕ್ರಮದಲ್ಲಿ ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಿ, ಎದ್ದ ನವಿರು ಒಣಗಿದ ಮೇಲೆ 220ರಲ್ಲಿ ಮತ್ತೊಮ್ಮೆ ಉಜ್ಜಿ. ಆದರೆ ಅರಗು ಹಚ್ಚಿದ ಬೊಂಬೆಯ ಮೇಲೆ ಬರೆಯಲು ಹೋಗಬೇಡಿ. ಅರಗು ಸುಮಾರು 75 ಡಿಗ್ರಿಗೇ ಕರಗತೊಡಗಿ ಮೊನೆಗೆ ಅಂಟಿ ಹೊಗೆಯೇಳುತ್ತದೆ. ಬಿಳಿ ಮರದ ಮೇಲೆ ಬರೆದು ಮುಗಿಸಿ, ಮಸಿ ಒರೆಸಿದ ಮೇಲೆಯೇ ಅರಗು.