ಕಡಲತೀರವನ್ನು ಉಳುವ ಕೆಲಸ

ಸೂರ್ಯ ಹುಟ್ಟುವುದಕ್ಕೆ ಅರ್ಧ ಗಂಟೆ ಮೊದಲು ನಮ್ಮ ಕೆಲಸ ಶುರು. ಫ್ಲೋರಿಡಾದ ಪೂರ್ವ ಕರಾವಳಿಯಲ್ಲಿ ರಾತ್ರಿ ಎಷ್ಟು ಕಡಲಾಮೆಗಳು ದಡ ಹತ್ತಿದವು, ಎಷ್ಟು ಮೊಟ್ಟೆ ಇಟ್ಟು ಹೋದವು ಅಂತ ಮರಳಿನ ಮೇಲಿನ ಜಾಡು ನೋಡಿ ಬರೆದುಕೊಳ್ಳುವುದು. ಒಂದು ದಿನದ ಜಾಡು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಆಮೆ ನೀರಿನಿಂದ ಮೇಲೆ ಬಂದಿದೆ. ಹಿಂಗಾಲಿನಲ್ಲಿ ಗುಂಡಿ ತೋಡಿದೆ, ಒಂದು ಗೇಣು ಆಳಕ್ಕೆ ನಿಲ್ಲಿಸಿದೆ. ಹತ್ತು ಹೆಜ್ಜೆ ಆಚೆ ಇನ್ನೊಂದು ಗುಂಡಿ. ಅದೂ ಒಂದು ಗೇಣು. ಆಮೇಲೆ ಜಾಡು ತಿರುಗಿ ನೇರ ಸಮುದ್ರಕ್ಕೆ. ಮೊಟ್ಟೆ ಇಲ್ಲ. ಗುಂಡಿಯ ತಳಕ್ಕೆ ಬೆರಳು ಒತ್ತಿ ನೋಡಿದೆ. ಇಳಿಯಲೇ ಇಲ್ಲ.

ಆ ತೀರಕ್ಕೆ ಹೊಸ ಮರಳು ಹಾಕಿ ಕೆಲವೇ ತಿಂಗಳಾಗಿತ್ತು.

ಇಲ್ಲಿ ಕಡಲ್ಕೊರೆತಕ್ಕೆ ನಮ್ಮ ಕರ್ನಾಟಕದ ಕರಾವಳಿಯ ಹಾಗೆ ಬರೀ ಬಂಡೆ ತಂದು ಸುರಿಯುವುದಿಲ್ಲ. ದೂರದ ಸಮುದ್ರತಳದಿಂದ ಡ್ರೆಜರ್ ಹಡಗು ಮರಳನ್ನು ಹೀರುತ್ತದೆ. ನೀರಿನ ಜೊತೆ ಕಲಸಿ ದಪ್ಪ ಪೈಪಿನಲ್ಲಿ ದಡಕ್ಕೆ ಪಂಪ್ ಮಾಡುತ್ತಾರೆ. ಬುಲ್ಡೋಜರ್‌ಗಳು ಅದನ್ನು ಹರಡುತ್ತವೆ. ಇದಕ್ಕೆ ಬೀಚ್ ನರಿಶ್‌ಮೆಂಟ್ ಅಂತ ಹೆಸರು. 2022ರ ನವೆಂಬರ್‌ನಲ್ಲಿ ನಿಕೋಲ್ ಚಂಡಮಾರುತ ಈ ಭಾಗದ ದಡವನ್ನು ಕಚ್ಚಿಕೊಂಡು ಹೋದ ಮೇಲಂತೂ ಎಲ್ಲೆಲ್ಲೂ ಮರಳಿನದೇ ಮಾತು. ಆಮೆಗೂ ಇದು ಒಳ್ಳೆಯದೇ. ಬಂಡೆಯ ಗೋಡೆ ಹತ್ತಲಾಗದ ಆಮೆ, ಮರಳಿದ್ದರೆ ಹತ್ತುತ್ತದೆ. ಅಮೆರಿಕದಲ್ಲಿ ಗೂಡಿಡುವ ಲಾಗರ್‌ಹೆಡ್ ಆಮೆಗಳಲ್ಲಿ ಸುಮಾರು ನೂರಕ್ಕೆ ತೊಂಬತ್ತು ಫ್ಲೋರಿಡಾಕ್ಕೇ ಬರುವಂಥವು. 1978ರಿಂದ ಅವು ಕಾನೂನಿನ ರಕ್ಷಣೆಯಲ್ಲಿವೆ.

ಮರಳು ಹಾಕಿಸುವ ಎಂಜಿನಿಯರುಗಳು ನನ್ನನ್ನು ಮೊದಲು ಕೇಳುವುದು ತಾರೀಖು. "ಯಾವತ್ತಿನವರೆಗೆ ಕೆಲಸ ಮಾಡಬಹುದು?" ಗೂಡು ದಟ್ಟವಾಗಿರುವ ಬ್ರೆವರ್ಡ್‌ನಿಂದ ಬ್ರೋವರ್ಡ್‌ವರೆಗಿನ ಕೌಂಟಿಗಳಲ್ಲಿ (ಇಲ್ಲಿಯ ಜಿಲ್ಲೆಗಳು) ಮೇ 1ರಿಂದ ಅಕ್ಟೋಬರ್ 31ರವರೆಗೆ ದಡಕ್ಕೆ ಮರಳು ಸುರಿಯುವಂತಿಲ್ಲ. ಗೂಡು ಕಡಿಮೆ ಇರುವ ಕಡೆ ಮೊಟ್ಟೆಯಿಡುವ ಸೀಸನ್‌ನಲ್ಲೂ ಅನುಮತಿ ಸಿಗಬಹುದು. ಆದರೆ ಕೆಲಸದ ದಾರಿಗೆ ಸಿಕ್ಕ ಗೂಡನ್ನು ಮೊಟ್ಟೆ ಇಟ್ಟ ಮರುದಿನ ಬೆಳಿಗ್ಗೆ 9ರೊಳಗೆ ಬೇರೆಡೆಗೆ ಸಾಗಿಸಬೇಕು. ಒಂದೊಂದು ಗೂಡಿನಲ್ಲಿ ನೂರರ ಮೇಲೆ ಮೊಟ್ಟೆ. ಒಂದನ್ನೂ ಉರುಳಿಸದೆ, ಹೇಗಿತ್ತೋ ಹಾಗೇ ಎತ್ತಿ ಹಾಗೇ ಇಡಬೇಕು. ಹೊತ್ತು ಕಳೆದಂತೆ ಒಳಗಿನ ಭ್ರೂಣ ಚಿಪ್ಪಿಗೆ ಅಂಟಿಕೊಳ್ಳುತ್ತದೆ. ಆಮೇಲೆ ತಿರುಗಿಸಿದರೆ ಸಾಯುತ್ತದೆ. 9 ಗಂಟೆಯ ಗಡುವು ಅದಕ್ಕೇ.

ಆದರೆ ತಾರೀಖು ಪಾಲಿಸಿಬಿಟ್ಟರೆ ಆಮೆ ಉಳಿಯಿತು ಅಂತ ಬಹಳ ಜನ ತಿಳಿದಿದ್ದಾರೆ. ನನ್ನ ಅನುಭವದಲ್ಲಿ ಜಾಸ್ತಿ ತೊಂದರೆ ಆಗುವುದು ಯಂತ್ರಗಳೆಲ್ಲ ಹೋದ ಮೇಲೆ.

ಆ ಗೇಣುದ್ದದ ಗುಂಡಿಯನ್ನೇ ತೆಗೆದುಕೊಳ್ಳಿ. ಲಾಗರ್‌ಹೆಡ್‌ನ ಗೂಡು ಹೆಚ್ಚುಕಡಿಮೆ ಎರಡು ಅಡಿ ಆಳ. ಸೋರೆಬುರುಡೆಯ ಆಕಾರ: ಕತ್ತು ಸಣ್ಣ, ಕೆಳಗೆ ಅಗಲ. ಆಮೆ ಇದನ್ನು ಕಣ್ಣಿನಿಂದ ನೋಡದೆ ಹಿಂಗಾಲಿನಲ್ಲೇ ತೋಡುತ್ತದೆ. ಅಲೆ, ಗಾಳಿ ಸೇರಿ ವರ್ಷಗಟ್ಟಲೆ ಜರಡಿ ಹಿಡಿದ ಮರಳಾದರೆ ಸಡಿಲವಾಗಿರುತ್ತದೆ. ಪಂಪ್ ಮಾಡಿದ ಮರಳು ಹಾಗಲ್ಲ. ನೀರು ಬಸಿದಂತೆ ಸಣ್ಣ ಕಣಗಳು ಸಂದಿಗೆ ತುಂಬುತ್ತವೆ. ಮೇಲಿಂದ ಬುಲ್ಡೋಜರ್ ಓಡಾಟ ಬೇರೆ. ಸಗಣಿ ಸಾರಿಸಿದ ಅಂಗಳದ ಹಾಗೆ ಗಟ್ಟಿಯಾಗಿ ಕೂತುಬಿಡುತ್ತದೆ.

ಅದಕ್ಕೇ ನಾವು ಒಂದು ಸರಳು ಹಿಡಿದು ತೀರದ ಉದ್ದಕ್ಕೂ ಚುಚ್ಚುತ್ತಾ ಹೋಗುತ್ತೇವೆ. ತುದಿಯಲ್ಲಿ ಶಂಕುವಿನಂಥ ಲೋಹ, ಮೇಲೆ ಒತ್ತಡ ತೋರಿಸುವ ಮೀಟರ್. 6, 12, 18 ಇಂಚು ಆಳದಲ್ಲಿ ನೋಡುತ್ತೇವೆ. ಚದರ ಇಂಚಿಗೆ 500 ಪೌಂಡ್ ಮೀರಿದರೆ ಉಳಬೇಕು. ಹೌದು, ಉಳುವುದೇ. ದೊಡ್ಡ ಯಂತ್ರಕ್ಕೆ ಉದ್ದ ಹಲ್ಲುಗಳನ್ನು ಕಟ್ಟಿ 36 ಇಂಚು ಆಳಕ್ಕೆ ಮರಳನ್ನು ಸಡಿಲ ಮಾಡುತ್ತಾರೆ. "ಕಡಲತೀರಕ್ಕೆ ಹೂಟಿ ಹೊಡೆಸ್ತೀರಾ? ಬಿತ್ತೋದೇನು?" ಅಂತ ಹೊನ್ನಾವರದ ನನ್ನ ಚಿಕ್ಕಪ್ಪ ಫೋನಿನಲ್ಲಿ ನಕ್ಕಿದ್ದರು. ಒಂದು ಸಲ ಉಳುಮೆ ಮಾಡಿದರೆ ಮುಗಿಯುವುದಿಲ್ಲ. ಮರಳು ಹಾಕಿದ ಮೇಲೆ ಮೂರು ವರ್ಷ, ಪ್ರತಿ ಸೀಸನ್‌ಗೆ ಮೊದಲು ಮತ್ತೆ ನೋಡಬೇಕು.

ಮರಳಿನ ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ಕಡಲಾಮೆ ಮರಿ ಗಂಡೋ ಹೆಣ್ಣೋ ಎಂಬುದು ಗೂಡಿನ ಬಿಸಿಯ ಮೇಲೆ. ಸುಮಾರು 29 ಡಿಗ್ರಿಯಲ್ಲಿ ಎರಡೂ ಸಮಸಮ. ಅದಕ್ಕಿಂತ ಬಿಸಿಯಾದರೆ ಹೆಣ್ಣು ಜಾಸ್ತಿ. ಕಪ್ಪಗಿನ ಮರಳು ಬಿಸಿಲು ಕುಡಿಯುತ್ತದೆ. ಮಯಾಮಿ ಹತ್ತಿರದ ಫಿಶರ್ ಐಲೆಂಡ್‌ಗೆ ಬಹಾಮಾಸ್‌ನಿಂದ ಬಿಳಿ ಸುಣ್ಣದ ಮರಳು ತರಿಸಿದ್ದರು. ಅಲ್ಲಿ ಉಲ್ಟಾ: ಗೂಡು ತಣ್ಣಗಾಗಿ ಮರಿ ಹೊರಬರುವುದು ತಡವಾಯಿತು. ನೋಡಲು ಚೆಂದ ಅಂತ ಮರಳು ಆರಿಸುವಂತಿಲ್ಲ, ಅಲ್ವಾ?

ಇನ್ನು ಧರೆ. ಹೊಸ ಮರಳನ್ನು ಅಲೆ ತನಗೆ ಬೇಕಾದ ಇಳಿಜಾರಿಗೆ ಕೊರೆಯುತ್ತದೆ. ಆಗ ಮನೆ ಹಿಂದಿನ ಗುಡ್ಡ ಕಡಿದ ಹಾಗೆ ನೆಟ್ಟಗೆ ಮರಳಿನ ಧರೆ ಏಳುತ್ತದೆ. ಒಂದೂವರೆ ಅಡಿಗಿಂತ ಎತ್ತರವಾಗಿ ನೂರಡಿ ಉದ್ದ ಇದ್ದರೆ ಅದನ್ನು ಕೆಡವಿ ಸಮ ಮಾಡಿಸಬೇಕು ಎಂಬುದು ನಿಯಮ. ಒಂದು ವರ್ಷ ಒಬ್ಬ ಗುತ್ತಿಗೆದಾರ, ಹೆಸರು ಬೇಡ, "ಮುಂದಿನ ವಾರ" ಅನ್ನುತ್ತಲೇ ಹೋದ. ಆಮೆಗಳು ಬಂದವು, ಧರೆಗೆ ತಲೆ ತಾಗಿಸಿ ಪಕ್ಕಕ್ಕೆ ತೆವಳಿದವು. ಒಂದು ಅದರ ಬುಡದಲ್ಲೇ ಮೊಟ್ಟೆ ಇಟ್ಟಿತು. ಮುಂದಿನ ದೊಡ್ಡ ಉಬ್ಬರ ಆ ಗೂಡನ್ನು ತೊಳೆದುಕೊಂಡು ಹೋಯಿತು. ಆ ದಿನದ ದಾಖಲೆ ಬರೆಯುವಾಗ ನನಗೆ ಸಿಟ್ಟು ಬಂದದ್ದು ಅಲೆಯ ಮೇಲಲ್ಲ.

ದೀಪದ ತೊಂದರೆ ಯಾರಿಗೂ ಹೊಳೆಯುವುದಿಲ್ಲ. ಮರಳು ಹಾಕಿದರೆ ದಡ ಅಗಲವಾಗುತ್ತದೆ, ಎತ್ತರವೂ ಆಗುತ್ತದೆ. ಮೊದಲು ದಿಬ್ಬದ ಮರೆಯಲ್ಲಿದ್ದ ಪಾರ್ಕಿಂಗ್ ಜಾಗದ ಬಲ್ಬು ಈಗ ಗೂಡಿಗೆ ನೇರ ಕಾಣುತ್ತದೆ. ಮರಿಗಳು ಬೆಳಕಿರುವ ಕಡೆಯೇ ಸಮುದ್ರ ಅಂದುಕೊಂಡು ರಸ್ತೆಗೆ ಹೋಗುತ್ತವೆ. ಹಾಗಾಗಿ ಸೀಸನ್‌ಗೆ ಮೊದಲು ಒಂದು ರಾತ್ರಿ ಹೊಸ ಮರಳಿನ ಮೇಲೆ ಕೂತು, ಆಮೆಯ ಎತ್ತರದಿಂದ ಸುತ್ತ ನೋಡಿ, ಕಂಡ ದೀಪಗಳನ್ನೆಲ್ಲ ಪಟ್ಟಿ ಮಾಡುತ್ತೇನೆ. ಮರೆ ಹಾಕುವುದು, ಇಲ್ಲವೇ ಕೆಂಪು-ಹಳದಿ ಬಲ್ಬು.

ಹಕ್ಕಿಗಳದ್ದು ಹೊಟ್ಟೆಪಾಡಿನ ಕಥೆ. ಅಲೆ ಬಡಿಯುವ ಅಂಚಿನಲ್ಲಿ ನಮ್ಮ ಅಘನಾಶಿನಿಯ ಬಳಚಿನ ಚಿಕ್ಕ ತಂಗಿಯಂಥ ಚಿಪ್ಪುಜೀವಿ, ಮರಳು ಏಡಿ ಇರುತ್ತವೆ. ಹೊಸ ಮರಳು ಅವನ್ನು ಹೂತುಬಿಡುತ್ತದೆ. ದಡದ ಹಕ್ಕಿಗಳಿಗೆ ಸ್ವಲ್ಪ ಕಾಲ ಊಟ ಇಲ್ಲ. ನಡುವೆ ಹಳೆಯ ದಡದ ತುಂಡುಗಳನ್ನು ಹಾಗೇ ಬಿಟ್ಟರೆ ಆ ಜೀವಿಗಳು ಬೇಗ ಮತ್ತೆ ತುಂಬಿಕೊಳ್ಳುತ್ತವೆ.

ಚಿಕ್ಕಪ್ಪ ಮೊನ್ನೆ ಕೇಳಿದರು: "ನಮ್ಮ ಟೊಂಕಕ್ಕೂ ಮರಳು ಹಾಕಿದ್ರೆ?" ಹೊನ್ನಾವರದ ಹತ್ತಿರದ ಕಾಸರಕೋಡ ಟೊಂಕದ ತೀರದಲ್ಲಿ ಆಲಿವ್ ರಿಡ್ಲೆ ಆಮೆಗಳು ಗೂಡಿಡುತ್ತವೆ. ಮೀನುಗಾರರು ಕಂಡು ಹೇಳಿದರೆ ಅರಣ್ಯ ಇಲಾಖೆ ಸುತ್ತ ಬಲೆ ಕಟ್ಟುತ್ತದೆ. ಆದರೆ ಇಲ್ಲಿಯ ಕ್ಯಾಲೆಂಡರ್ ಅಲ್ಲಿಗೆ ಹೊಂದುವುದಿಲ್ಲ. ಫ್ಲೋರಿಡಾದಲ್ಲಿ ಆಮೆ ಬರುವುದು ಬೇಸಿಗೆಗೆ, ಚಳಿಗಾಲ ಕೆಲಸಕ್ಕೆ ಖಾಲಿ. ನಮ್ಮಲ್ಲಿ ಮಳೆಗಾಲದ ಕಡಲಿಗೆ ಡ್ರೆಜರ್ ಇಳಿಸಲಾಗುವುದಿಲ್ಲ. ಕಡಲು ಶಾಂತವಾಗಿರುವ ಡಿಸೆಂಬರ್‌ನಿಂದ ಮಾರ್ಚ್‌ವರೆಗೇ ಆಮೆಯೂ ಬರುತ್ತದೆ. ಕೊನೆಯ ಗೂಡುಗಳು ಒಡೆಯುವಾಗ ಮೇ ತಿಂಗಳು. ಉಳಿಯುವುದು ಅಕ್ಟೋಬರ್, ನವೆಂಬರ್.

ಅದನ್ನೇ ಹೇಳಿದೆ. ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಎರಡು ತಿಂಗಳಲ್ಲಿ ಟೆಂಡರೂ ಆಗೋದಿಲ್ಲ ಮಾರಾಯ್ತಿ," ಅಂದರು.