ಚಿರೇಕಲ್ಲಿನ ಗೋಡೆ ಒಳಗೆ ಒದ್ದೆ: ಹೊರಗೆ ಪ್ಲಾಸ್ಟರ್ ಮಾಡಿಸಿದರೆ ಸಾಕೇ?

ಪ್ರಶ್ನೆ: ಕುಮಟಾ ಸಮೀಪ ಎರಡು ವರ್ಷದ ಹಿಂದೆ ಚಿರೇಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಮನೆ ಕಟ್ಟಿಸಿದ್ದೇವೆ. ಹೊರಗೆ ಕಲ್ಲು ಕಾಣುವಂತೆ ಬಿಟ್ಟು ಒಳಗೆ ಮಾತ್ರ ಪ್ಲಾಸ್ಟರ್. ಆಷಾಢ ಬಂತೆಂದರೆ ಪಡುಗಡೆಯ ಗೋಡೆ ಒಳಗೆಲ್ಲ ಒದ್ದೆ, ಬಣ್ಣ ಹೊಪ್ಪಳೆ ಎದ್ದು ಉದುರುತ್ತದೆ. ಹೊರಗೂ ಪ್ಲಾಸ್ಟರ್ ಮಾಡಿಸಿದರೆ ನಿಲ್ಲುತ್ತದೆಯೇ?

ಉತ್ತರ: ನಿಲ್ಲಬಹುದು. ಆದರೆ ನೀರಿನ ದಾರಿ ಹುಡುಕದೆ ಪ್ಲಾಸ್ಟರ್ ಬಳಿಸಿದರೆ ಒದ್ದೆ ಜಾಗ ಬದಲಿಸುತ್ತದೆ, ಅಷ್ಟೇ. ಎಲ್ಲರೂ ಮೊದಲು ಕಲ್ಲನ್ನೇ ಬೈಯುತ್ತಾರೆ. ತಪ್ಪು ಹೆಚ್ಚಾಗಿ ಇರುವುದು ಕಲ್ಲಿನಲ್ಲಲ್ಲ, ಎರಡು ಕಲ್ಲಿನ ನಡುವಿನ ಸಂದಿಯಲ್ಲಿ.

ಮೊದಲು ಒದ್ದೆಯ ಆಕಾರ ನೋಡಿ. ನೆಲದಿಂದ ಎರಡು ಮೂರು ಅಡಿಯವರೆಗೆ ಉದ್ದಕ್ಕೂ ಪಟ್ಟಿಯಂತೆ ಇದ್ದರೆ ಅದು ಪಾಯದಿಂದ ಏರುವ ನೀರು; ಜಗಲಿ ಮಟ್ಟದಲ್ಲಿ ತೇವ ತಡೆಯುವ ಕಾಂಕ್ರೀಟ್ ಪಟ್ಟಿ ಇಲ್ಲ ಅಥವಾ ಒಡೆದಿದೆ. ಇದಕ್ಕೆ ಹೊರಗಿನ ಪ್ಲಾಸ್ಟರ್ ಮದ್ದಲ್ಲ, ನೀರು ಇನ್ನೂ ಮೇಲಕ್ಕೆ ಹತ್ತುತ್ತದೆ. ಕಿಟಕಿಯ ಕೆಳಮೂಲೆಯಲ್ಲಿ ಮಾತ್ರ ಕಲೆ ಇದ್ದರೆ ಸಿಲ್, ಅಂದರೆ ಕಿಟಕಿಯಡಿಯ ಹಾಸು, ಒಳಮುಖ ವಾಲಿದೆ, ಇಲ್ಲವೇ ಅದರಡಿ ನೀರು ತೊಟ್ಟಿಕ್ಕಿ ಬೀಳಲು ಗೀರು ಇಲ್ಲ. ಅಂಚಿನಿಂದ ಒಂದು ಇಂಚು ಒಳಗೆ, ಕಿರುಬೆರಳಿನಷ್ಟು ಅಗಲದ ಗೀರು ಸಾಕು. ಕಲ್ಲಿನ ಸಾಲುಗಳ ಗುರುತು ಒಳಗಿನ ಬಣ್ಣದ ಮೇಲೆ ಗೆರೆಗೆರೆಯಾಗಿ ಮೂಡಿದರೆ ಸಂದಿಯೇ ಸೋರುತ್ತಿದೆ. ಹತ್ತಿಯಂಥ ಬಿಳಿ ಪುಡಿ ಏಳುತ್ತಿದೆಯೇ? ಅದು ಉಪ್ಪು. ಅಘನಾಶಿನಿ, ಶರಾವತಿ, ಕಾಳಿಯ ಅಳಿವೆ ಕಡೆಯ ಉಸುಕಿನಲ್ಲಿ ಉಬ್ಬರದ ಉಪ್ಪು ಇರುತ್ತದೆ. ಅದನ್ನು ತೊಳೆಯದೆ ಗಾರೆಗೆ ಹಾಕಿದರೆ ಗೋಡೆ ಗಾಳಿಯ ತೇವವನ್ನೇ ಹೀರಿ ಬೇಸಿಗೆಯಲ್ಲೂ ಜಿಗುಟಾಗಿರುತ್ತದೆ. ಅಂಥ ಪ್ಲಾಸ್ಟರ್ ಕೆತ್ತಿ ತೆಗೆಯದೆ ಬೇರೆ ದಾರಿಯಿಲ್ಲ.

ನಿಮ್ಮದು ಪಡುಗೋಡೆ. ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸಿನ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಅದೂ ಪಡುವಣ ಗಾಳಿಯ ಜೊತೆ ಓರೆಯಾಗಿ ಹೊಡೆಯುವಂಥದ್ದು. ಹಾಗಾಗಿ ಸಂದಿಯ ಮೇಲೆಯೇ ಮೊದಲ ಅನುಮಾನ. ಗೌಂಡಿಗಳು ಅಡ್ಡ ಸಂದಿಗೆ ಗಾರೆ ಹಾಸುತ್ತಾರೆ. ನಿಂತ ಸಂದಿಗೆ ಮಾತ್ರ ಹೊರಗಿಂದ ಎರಡು ಕರಣೆ ಒತ್ತಿ ಮುಚ್ಚಿಬಿಡುತ್ತಾರೆ, ಒಳಗೆ ಪೊಳ್ಳು. ತಂತಿ ತೂರಿಸಿ ನೋಡಿ: ನಾಲ್ಕು ಇಂಚು ಸಲೀಸಾಗಿ ಹೋದರೆ ಉತ್ತರ ಸಿಕ್ಕಿತು.

ಕಲ್ಲಿನ ಪಾಲೂ ಸ್ವಲ್ಪ ಇದೆ. ಕ್ವಾರಿಯಲ್ಲಿ ಆಳಕ್ಕಿಳಿದಂತೆ ಕಲ್ಲಿನಡಿಯ ಮೆತ್ತನೆಯ ಶೇಡಿ ಮಣ್ಣು ಹತ್ತಿರವಾಗಿ ಕಲ್ಲು ಮೆತ್ತಗಾಗುತ್ತದೆ. ಸುತ್ತಿಗೆಯಲ್ಲಿ ಬಡಿದರೆ ಖಣ್ ಎನ್ನಬೇಕು. ಡಬ್ ಎಂದರೆ, ಬಿಳಿ ಮಣ್ಣಿನ ಗಂಟು ಕಂಡರೆ, ಆ ಕಲ್ಲು ಹೊರಗೋಡೆಗೆ ಬೇಡ. ಭಾರತೀಯ ಮಾನಕದಂತೆ ಕಲ್ಲು ಹೀರುವ ನೀರು ಅದರ ತೂಕದ ಶೇಕಡಾ 12 ಮೀರಬಾರದು. ಒಣಗಿದ್ದಾಗ 28 ಕೆಜಿ ತೂಗಿದ ಕಲ್ಲು ಒಂದು ದಿನ ನೀರಿನಲ್ಲಿ ಮುಳುಗಿದ್ದು ಎದ್ದಾಗ 31 ಕೆಜಿ ದಾಟಿದರೆ ಅನುಮಾನಿಸಿ. ಹಾಗೆಯೇ, ಕೊಯ್ದ ಕಲ್ಲನ್ನು ಲಾರಿಯಿಂದ ಇಳಿಸಿದ ದಿನವೇ ಕಟ್ಟಬಾರದು, ಗಾಳಿ ಬಿಸಿಲಿಗೆ ಬಿಟ್ಟಷ್ಟೂ ಅದು ಗಟ್ಟಿಯಾಗುತ್ತದೆ. ಮಿರ್ಜಾನ್ ಕೋಟೆ ಇದೇ ಕಲ್ಲಿನದಲ್ಲವೇ ಎಂದು ಕೇಳುವವರಿದ್ದಾರೆ. ಹೌದು, ಆದರೆ ಆ ಗೋಡೆ ಮೈತುಂಬ ಹಾವಸೆ ಹೊತ್ತು ಒದ್ದೆಯಾಗಿಯೇ ನಿಂತಿದೆ. ಅದಕ್ಕೆ ಒರಗಿ ಯಾರೂ ಮಲಗುವುದಿಲ್ಲ.

ಈಗ ರಿಪೇರಿ. ಮಳೆ ಬಿಟ್ಟ ಕೂಡಲೇ ಇಳಿಯಬೇಡಿ; ಗೋಡೆ ಆರಲು ಡಿಸೆಂಬರ್‌ವರೆಗೆ ಬಿಡಿ. ಸಂದಿಗಳನ್ನು ಮುಕ್ಕಾಲು ಇಂಚು ಆಳ ಕೆರೆದು, ಬ್ರಷ್‌ನಿಂದ ಧೂಳು ತೆಗೆದು, ನೀರು ಚಿಮುಕಿಸಿ. ಪೊಳ್ಳು ಇರುವ ನಿಂತ ಸಂದಿಗೆ ಗಾರೆಯನ್ನು ಚಪ್ಪಟೆ ಕೋಲಿನಿಂದ ಹಿಂದಿನವರೆಗೂ ದೂಡಿ ತುಂಬಬೇಕು. ಗಾರೆ 1 ಪಾಲು ಸಿಮೆಂಟ್, 1 ಪಾಲು ಸುಣ್ಣ, 6 ಪಾಲು ಉಸುಕು. ಬೆಳಚಿನ (ಅಳಿವೆಯ ಕಪ್ಪೆಚಿಪ್ಪಿನ) ಸುಣ್ಣ ಸಿಕ್ಕರೆ ಚೆನ್ನ, ಚೆನ್ನಾಗಿ ಅರಳಿಸಿ ಸೋಸಿರಬೇಕು. ಗಟ್ಟಿಯಾಗಲಿ ಎಂದು ಸಿಮೆಂಟ್ ಜಾಸ್ತಿ ಸುರಿಸುವವರು ಕೇಳಿ: ಸಿಮೆಂಟ್ ಹೆಚ್ಚಾದ ಗಾರೆ ಒಣಗುವಾಗ ಕುಗ್ಗಿ ಕಲ್ಲಿನ ಅಂಚು ಬಿಟ್ಟು ಕೂದಲೆಳೆ ಬಿರುಕು ಬಿಡುತ್ತದೆ, ನೀರಿಗೆ ಅಷ್ಟೇ ಸಾಕು. ಕನಿಷ್ಠ ಏಳು ದಿನ ನೀರುಣಿಸಿ.

ಆಮೇಲೂ ಪ್ಲಾಸ್ಟರ್ ಬೇಕೆನಿಸಿದರೆ ಅದೇ ಮಿಶ್ರಣದಲ್ಲಿ ಎರಡು ಕೈ: ಮೊದಲನೆಯದು 12 ಮಿಲಿಮೀಟರ್, ಗೀರು ಹಾಕಿ ಬಿಟ್ಟು, ಮೇಲಿನದು 6ರಿಂದ 8. ಬಾಗಿಲು ಕಿಟಕಿಯ ಮೇಲಿನ ಲಿಂಟೆಲ್, ಬೀಮು ಕಲ್ಲಿಗೆ ಸೇರುವಲ್ಲಿ ಕೋಳಿ ಬಲೆ ಬಡಿಸಿ. ಕಾಂಕ್ರೀಟೂ ಕಲ್ಲೂ ಒಂದೇ ಸಮ ಹಿಗ್ಗುವುದಿಲ್ಲ. ಕಲ್ಲು ಕಾಣಬೇಕೆಂದಿದ್ದರೆ ಸೈಲೇನ್-ಸಿಲಾಕ್ಸೇನ್ ಮಾದರಿಯ ನೀರು ತಡೆಯುವ ದ್ರಾವಣ ಹೊಡೆಸಿ, ಕೆಲವು ವರ್ಷಕ್ಕೊಮ್ಮೆ ಮತ್ತೆ ಹೊಡೆಸಬೇಕು. ಮಿರಮಿರ ಮಿಂಚುವ ವಾರ್ನಿಷ್ ಬೇಡ, ಒಳಗಿನ ತೇವ ಹೊರಬರಲಾರದೆ ಅದನ್ನೇ ಕಿತ್ತು ಎಸೆಯುತ್ತದೆ. ಒಳಗಡೆಯಿಂದ ವಾಟರ್‌ಪ್ರೂಫ್ ಬಣ್ಣ ಬಳಿಯುವುದೂ ಇದೇ ತಪ್ಪು.

ಇದೇ ಗೋಡೆಗೆ ಮುಂದೆ ಕೋಣೆ ಸೇರಿಸುವುದಿದ್ದರೆ ಲೆಕ್ಕ ಹೀಗೆ. ಕಲ್ಲಿನ ಅಳತೆ ಕ್ವಾರಿಗೊಂದು ತರ. 15×9×7 ಇಂಚು ಎಂದಿಟ್ಟುಕೊಂಡರೆ ಅರ್ಧ ಇಂಚು ಸಂದಿಯೊಂದಿಗೆ 9 ಇಂಚಿನ ಗೋಡೆಯ 100 ಚದರಡಿಗೆ 124 ಕಲ್ಲು, ಒಡಕು ಸೇರಿ 132. ಒಂದು ಪಾಲು ಸಿಮೆಂಟಿಗೆ ಆರು ಪಾಲು ಉಸುಕಿನ ಗಾರೆಯಲ್ಲಿ ಕಟ್ಟಿದರೆ ಇಷ್ಟಕ್ಕೆ ಸಿಮೆಂಟ್ ಒಂದೂಕಾಲು ಚೀಲ, ಕಲ್ಲು ಒರಟಾಗಿದ್ದರೆ ಎರಡರ ಹತ್ತಿರ. ಕಟ್ಟುವ ಮುಂಚೆ ಕಲ್ಲಿಗೆ ನೀರು ಕುಡಿಸಿ, ಇಲ್ಲದಿದ್ದರೆ ಗಾರೆಯ ನೀರನ್ನೇ ಅದು ಹೀರಿಬಿಡುತ್ತದೆ. ದಿನಕ್ಕೆ ಮೂರು ಅಡಿಗಿಂತ ಎತ್ತರ ಏರಿಸಬೇಡಿ.

ಈ ವರ್ಷದ ಮಳೆ ಹೊಸ್ತಿಲಿಗೆ ಬಂದಿದ್ದರೆ ಸದ್ಯಕ್ಕೆ ಹಳೇ ಉಪಾಯ: ಪಡುಗೋಡೆಗೆ ತೆಂಗಿನ ಮಡಲಿನ ಇಲ್ಲವೇ ಅಡಿಕೆ ಸೋಗೆಯ ತಟ್ಟಿ ಕಟ್ಟಿಸಿ. ಗೋಡೆಗೆ ತಾಗಿಸಬೇಡಿ, ಒಂದು ಗೇಣು ಬಿಟ್ಟು ಕಟ್ಟಿ, ಗಾಳಿಯಾಡಲಿ.