ಬಾಡಿಗೆಯ ಡಾರ್ಕ್‌ರೂಮ್

ಮಳೆಗಾಲದಲ್ಲಿ ಊರಿನ ಮೇಳಗಳು ತಿರುಗಾಟ ನಿಲ್ಲಿಸಿದ ಮೇಲೆ ಯಕ್ಷಗಾನ ಕಲಾವಿದರ ತಂಡಗಳು ಮುಂಬಯಿಗೆ ಬರುತ್ತವೆ. ಅಂಥದೊಂದು ಆಟದಲ್ಲಿ, ಮಾಟುಂಗದ ಸಭಾಂಗಣದ ಮೂರನೆಯ ಸಾಲಿನಲ್ಲಿ ಕೂತು ನಾನು ತೆಗೆದ ಬಣ್ಣದ ವೇಷದ (ರಾಕ್ಷಸ ಪಾತ್ರದ) ಚಿತ್ರವೊಂದು ಈಗ ಕಂಪ್ಯೂಟರಿನ ಪರದೆಯ ಮೇಲಿದೆ. ಕಿರೀಟದ ಅಂಚು ರಂಗದ ದೀಪಕ್ಕೆ ಬೆಳ್ಳಗೆ ಹೊಳೆಯುತ್ತಿದೆ, ಅದರ ಕೆಳಗಿನ ಮುಖ ಮಾತ್ರ ಕತ್ತಲಲ್ಲಿ ಮುಳುಗಿದೆ. ಚಿತ್ರ ತಿದ್ದುವ ಲೈಟ್‌ರೂಮ್ ತಂತ್ರಾಂಶದಲ್ಲಿ ‘ಷ್ಯಾಡೋಸ್’ (ನೆರಳು) ಎಂಬ ಗುಂಡಿಯನ್ನು ಬಲಕ್ಕೆ ಎಳೆಯುತ್ತ ಹೋದಂತೆ ಅಕ್ಕಿಹಿಟ್ಟು ಮತ್ತು ಸುಣ್ಣದಿಂದ ಇಟ್ಟ ಚಿಟ್ಟಿ ಎಂಬ ಬಿಳಿಯ ಉಬ್ಬು ಚುಕ್ಕೆಗಳು ಕೆನ್ನೆಯ ಮೇಲೆ ಒಂದೊಂದಾಗಿ ಎದ್ದು ಬರುತ್ತವೆ. ಕಲಾವಿದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ಗಂಟೆಗಟ್ಟಲೆ ಕೂತು ಬರೆದುಕೊಂಡ ಮುಖವರ್ಣಿಕೆಯನ್ನು ಹೀಗೆ ಮರಳಿ ಕಾಣಿಸುವುದು ನನಗೆ ತುಂಬ ಪ್ರೀತಿಯ ಕೆಲಸ. ಆದರೆ ಆ ಕೆಲಸ ಎಲ್ಲಿ ಉಳಿಯುತ್ತದೆ, ಯಾರ ಕೈಯಲ್ಲಿ ಉಳಿಯುತ್ತದೆ ಎಂದು ಕೇಳಿಕೊಂಡರೆ ಉತ್ತರ ಅಷ್ಟು ಸುಲಭವಾಗಿಲ್ಲ.

ಕ್ಯಾಮೆರಾ ‘ರಾ’ ರೂಪದಲ್ಲಿ ಉಳಿಸುವ ಕಡತವನ್ನು ಚಿತ್ರ ಎನ್ನುವುದಕ್ಕಿಂತ ಬೆಳಕಿನ ಅಳತೆಯ ಪಟ್ಟಿ ಎನ್ನುವುದು ಸರಿ. ಸೆನ್ಸರಿನ ಒಂದೊಂದು ಬಿಂದುವೂ ಒಂದೇ ಬಣ್ಣವನ್ನು ಅಳೆಯುತ್ತದೆ. ಬಿಂದುಗಳಲ್ಲಿ ಅರ್ಧದಷ್ಟು ಹಸಿರಿಗೆ, ಉಳಿದವು ಕೆಂಪು ಮತ್ತು ನೀಲಿಗೆ ಸಮನಾಗಿ ಮೀಸಲು. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ಅವರಿಗೆ 1976ರಲ್ಲಿ ಪೇಟೆಂಟ್ ತಂದುಕೊಟ್ಟ ಈ ಜೋಡಣೆಯನ್ನೇ ಇಂದಿನ ಬಹುಪಾಲು ಕ್ಯಾಮೆರಾಗಳು ಬಳಸುತ್ತವೆ. ಪ್ರತಿ ಬಿಂದುವಿನಲ್ಲಿ ಇಲ್ಲದ ಎರಡು ಬಣ್ಣಗಳನ್ನು ನೆರೆಯ ಬಿಂದುಗಳಿಂದ ಲೆಕ್ಕ ಹಾಕಿ ತುಂಬುವುದು ತಂತ್ರಾಂಶದ ಕೆಲಸ. ಸಾಮಾನ್ಯ ಜೆಪೆಗ್ ಚಿತ್ರದಲ್ಲಿ ಒಂದು ಬಣ್ಣಕ್ಕೆ 256 ಮೆಟ್ಟಿಲುಗಳಿದ್ದರೆ 14 ಬಿಟ್‌ನ ರಾ ಕಡತದಲ್ಲಿ 16,384 ಮೆಟ್ಟಿಲುಗಳಿರುತ್ತವೆ. ಕತ್ತಲಲ್ಲಿ ಅಡಗಿದ ಚಿಟ್ಟಿಗಳು ಎದ್ದು ಬರುವುದು ಈ ಹೆಚ್ಚುವರಿ ಮೆಟ್ಟಿಲುಗಳ ಬಲದಿಂದ.

ನಾನು ಗುಂಡಿ ಎಳೆದಾಗ ಮೂಲ ಕಡತದಲ್ಲಿ ಒಂದು ಅಂಕಿಯೂ ಬದಲಾಗುವುದಿಲ್ಲ. ಏನೇನು ಮಾಡಬೇಕೆಂಬ ಸೂಚನೆಗಳಷ್ಟೇ ತಂತ್ರಾಂಶದ ಕ್ಯಾಟಲಾಗಿನಲ್ಲಿ, ಇಲ್ಲವೇ ಚಿತ್ರದ ಪಕ್ಕದಲ್ಲಿ ಕೂರುವ ಎಕ್ಸ್‌ಎಂಪಿ ಎಂಬ ಕೆಲವೇ ಕಿಲೋಬೈಟ್‌ಗಳ ಕಡತದಲ್ಲಿ ದಾಖಲಾಗುತ್ತವೆ. ಈ ಎಕ್ಸ್‌ಎಂಪಿಯನ್ನು ಯಾರು ಬೇಕಾದರೂ ತೆರೆದು ಓದಬಹುದು. ನನ್ನ ಚಿತ್ರದ ಕಡತದಲ್ಲಿ ಎಕ್ಸ್‌ಪೋಷರ್ +0.65 ಎಂದಿದೆ, ಷ್ಯಾಡೋಸ್ +58 ಎಂದಿದೆ. ಆದರೆ 58 ಎಂದರೆ ಎಷ್ಟು? ಯಾವ ಭಾಗವನ್ನು ನೆರಳೆಂದು ಗುರುತಿಸಬೇಕು, ಅದರ ಅಂಚನ್ನು ಹೇಗೆ ಬೆಸೆಯಬೇಕು ಎಂಬುದೆಲ್ಲ ಆ ತಂತ್ರಾಂಶದ ಒಳಗಿನ ಸೂತ್ರಕ್ಕೆ ಮಾತ್ರ ಗೊತ್ತು. ಅಜ್ಜಿ ಬರೆದಿಟ್ಟ ಸಾರಿನ ಪುಡಿಯ ಚೀಟಿಯಲ್ಲಿ ‘ನಮ್ಮ ಪಾವಿನಲ್ಲಿ ಎರಡು ಪಾವು ಧನಿಯಾ’ ಎಂದಿದ್ದರೆ ಚೀಟಿಯ ಜೊತೆ ಆ ಮನೆಯ ಪಾವೂ ಬೇಕಾಗುತ್ತದಲ್ಲ, ಇದೂ ಹಾಗೆಯೇ.

ಆ ಪಾವು, ಅಂದರೆ ತಂತ್ರಾಂಶ, ಮೊದಲು ಹಣ ಕೊಟ್ಟವರ ಮನೆಯಲ್ಲೇ ಇರುತ್ತಿತ್ತು. 1990ರಲ್ಲಿ ಬಂದ ಫೋಟೋಶಾಪ್ ಎರಡು ದಶಕಗಳ ಕಾಲ ಡಬ್ಬಿಯಲ್ಲಿ ಮಾರಾಟವಾಯಿತು, ಒಮ್ಮೆ ಕೊಂಡವರು ಕಂಪ್ಯೂಟರು ಬಾಳುವಷ್ಟು ಕಾಲ ಬಳಸಿದರು. 2012ರ ಸಿಎಸ್6 ಹಾಗೆ ಕೊಳ್ಳಬಹುದಾದ ಕೊನೆಯ ಆವೃತ್ತಿ. ಮುಂದಿನ ಆವೃತ್ತಿಗಳು ಚಂದಾದಾರರಿಗೆ ಮಾತ್ರ ಎಂದು ಅದರ ಕಂಪನಿ ಅಡೋಬಿ 2013ರ ಮೇ ತಿಂಗಳಲ್ಲಿ ಘೋಷಿಸಿತು. ಛಾಯಾಗ್ರಾಹಕರಿಗೆಂದೇ 2007ರಲ್ಲಿ ಬಂದಿದ್ದ ಲೈಟ್‌ರೂಮ್ ಇನ್ನಷ್ಟು ಕಾಲ ತಡೆದುಕೊಂಡಿತು. 2015ರ ಲೈಟ್‌ರೂಮ್ 6ರ ನಂತರ ಅದನ್ನೂ ಹಾಗೆ ಒಮ್ಮೆಗೇ ಕೊಳ್ಳುವುದು ನಿಂತಿತು. 2017ರ ಅಕ್ಟೋಬರಿನಲ್ಲಿ ಲೈಟ್‌ರೂಮ್ ಎರಡಾಗಿ ಒಡೆದು, ಕಡತಗಳನ್ನು ನಮ್ಮ ಡಿಸ್ಕಿನಲ್ಲೇ ಇಡುವುದು ‘ಕ್ಲಾಸಿಕ್’ ಎನಿಸಿಕೊಂಡಿತು, ಮೂಲ ಚಿತ್ರಗಳನ್ನೆಲ್ಲ ಕ್ಲೌಡ್‌ಗೆ ಏರಿಸುವ ಹೊಸದು ಮುಂಚೂಣಿಗೆ ಬಂತು. ಹೊಸ ಕ್ಯಾಮೆರಾ ಬಂದಾಗಲೆಲ್ಲ ಅದರ ರಾ ರೂಪವನ್ನು ಓದಲು ತಂತ್ರಾಂಶಕ್ಕೆ ಹೊಸದಾಗಿ ಕಲಿಸಬೇಕು, ಆ ಕೆಲಸಕ್ಕೆ ಸಂಬಳ ಕೊಡಬೇಕು. ಚಂದಾ ಪದ್ಧತಿಯ ಹಿಂದೆ ಈ ನ್ಯಾಯವೂ ಇದೆ ಎಂಬುದನ್ನು ನಾನು ಒಪ್ಪುತ್ತೇನೆ.

ಕ್ಲೌಡ್ ಎಂದಾಗ ಆಕಾಶ ನೋಡಬೇಕಾಗಿಲ್ಲ. ಅಮೆಜಾನ್ 2016ರಲ್ಲಿ ಮುಂಬಯಿಯನ್ನು ತನ್ನ ಕ್ಲೌಡ್ ಕೇಂದ್ರವಾಗಿ ತೆರೆಯಿತು, ಅದಕ್ಕೂ ಒಂದು ವರ್ಷ ಮೊದಲೇ ಮೈಕ್ರೋಸಾಫ್ಟ್ ಪುಣೆಗೆ ಬಂದಿತ್ತು. ನವಿ ಮುಂಬಯಿಯ ಐರೋಲಿ, ರಬಾಳೆಯ ಕಡೆ ಹೋದರೆ ಡೇಟಾ ಸೆಂಟರಿನ ಕಟ್ಟಡಗಳು ಕಣ್ಣಿಗೇ ಬೀಳುತ್ತವೆ. ಹಾಗೆಂದು ನಮ್ಮ ಚಿತ್ರ ಅಲ್ಲಿಗೇ ಹೋಗುತ್ತದೆಂದೇನೂ ಇಲ್ಲ, ಎಲ್ಲಿಡಬೇಕೆಂದು ನಿರ್ಧರಿಸುವುದು ತಂತ್ರಾಂಶದ ಕಂಪನಿ. ಎಲ್ಲಿಗೇ ಹೋದರೂ ದಾರಿ ಸಣ್ಣದಲ್ಲ. 24 ಮೆಗಾಪಿಕ್ಸೆಲ್‌ನ, ಕುಗ್ಗಿಸದ 14 ಬಿಟ್ ರಾ ಕಡತವೊಂದು ಸುಮಾರು 42 ಎಂಬಿ ಆಗುತ್ತದೆ. ಒಂದು ಮದುವೆಗೆ 1,500 ಚಿತ್ರಗಳೆಂದರೆ 63 ಜಿಬಿ. ಸೆಕೆಂಡಿಗೆ 20 ಮೆಗಾಬಿಟ್ ವೇಗದಲ್ಲಿ ಏರಿಸಿದರೂ ಅದಕ್ಕೆ ಏಳು ಗಂಟೆ ಬೇಕು. ಆದ್ದರಿಂದಲೇ ಉದ್ದದ ಬದಿ 2,560 ಪಿಕ್ಸೆಲ್ ಇರುವ ‘ಸ್ಮಾರ್ಟ್ ಪ್ರಿವ್ಯೂ’ ಎಂಬ ಹಗುರ ಪ್ರತಿಯ ಮೇಲೆ ತಿದ್ದುವ ಏರ್ಪಾಡು ಬಂತು. ಫೋನಿನಲ್ಲಿ ತಿದ್ದಿದ ಸೂಚನೆ ಕೆಲವು ಕಿಲೋಬೈಟ್‌ಗಳಲ್ಲಿ ಓಡಾಡುತ್ತದೆ, ಭಾರದ ಮೂಲ ಕಡತ ಇದ್ದಲ್ಲೇ ಇರುತ್ತದೆ.

ದೂರದಲ್ಲೊಂದು ಪ್ರತಿ ಇರುವುದರ ಬೆಲೆ ಏನೆಂದು ಮುಂಬಯಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ನೆಲಮಹಡಿಯ ಕಪಾಟಿನಲ್ಲಿ ನೆಗೆಟಿವ್ ಇಟ್ಟವರಿಗೂ ಹಾರ್ಡ್ ಡಿಸ್ಕ್ ಇಟ್ಟವರಿಗೂ ಆ ನೀರು ಭೇದ ಮಾಡಲಿಲ್ಲ. ಆದ್ದರಿಂದ ಕ್ಲೌಡ್ ಸಂಗ್ರಹದ ಬಗ್ಗೆ ನನಗೆ ತಕರಾರಿಲ್ಲ. ನನ್ನ ಚಿಂತೆ ಇರುವುದು ಪಾವಿನ ಬಗ್ಗೆ.

ಚಂದಾ ನಿಂತರೆ ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಚಿತ್ರಗಳನ್ನು ನೋಡಲು, ಜೋಡಿಸಲು, ರಫ್ತು ಮಾಡಲು ಬರುತ್ತದೆ, ಆದರೆ ತಿದ್ದುವ ‘ಡೆವಲಪ್’ ವಿಭಾಗ ಮುಚ್ಚಿಕೊಳ್ಳುತ್ತದೆ. ಡಾರ್ಕ್‌ಟೇಬಲ್‌ನಂಥ ಉಚಿತ ತಂತ್ರಾಂಶಗಳಿವೆ, ಅವು ಒಳ್ಳೆಯವೇ. ಆದರೆ ಒಂದರ ಸೂಚನೆಯನ್ನು ಇನ್ನೊಂದು ಪೂರ್ತಿಯಾಗಿ ಪಾಲಿಸುವುದಿಲ್ಲ. ಆ ಬಣ್ಣದ ವೇಷದ ಚಿತ್ರವನ್ನು ಎಕ್ಸ್‌ಎಂಪಿಯ ಸಮೇತ ನಾನು ಮತ್ತೊಂದು ತಂತ್ರಾಂಶದಲ್ಲಿ ತೆರೆದು ನೋಡಿದೆ. ಚೌಕಟ್ಟು ಕತ್ತರಿಸಿದ್ದು ಹಾಗೆಯೇ ಬಂತು, ಒಟ್ಟು ಬೆಳಕೂ ಹೆಚ್ಚುಕಡಿಮೆ ಬಂತು. ಕೆನ್ನೆಯ ಚಿಟ್ಟಿಗಳು ಮಾತ್ರ ಮತ್ತೆ ಕತ್ತಲಿಗೆ ಹೋಗಿದ್ದವು.

ಇದಕ್ಕೆ ನನಗೆ ತಿಳಿದಿರುವ ದಾರಿ, ಮುಗಿಸಿದ ಚಿತ್ರವನ್ನು 16 ಬಿಟ್‌ನ ಟಿಫ್ ರೂಪದಲ್ಲಿ ಹೊರತೆಗೆದು ಇಡುವುದು. ಟಿಫ್‌ನಲ್ಲಿರುವುದು ಸೂಚನೆಯಲ್ಲ, ಬೆಂದ ಅಡುಗೆ. ಯಾವ ತಂತ್ರಾಂಶ ತೆರೆದರೂ ಅಂಕಿಗಳು ಅವೇ. ಅದು ದುಬಾರಿ ಹೌದು: 24 ಮೆಗಾಪಿಕ್ಸೆಲ್‌ಗೆ ಮೂರು ಬಣ್ಣ, ಬಣ್ಣಕ್ಕೆ ಎರಡು ಬೈಟ್ ಎಂದರೆ ಒಂದು ಚಿತ್ರಕ್ಕೇ 144 ಎಂಬಿ. ಎಲ್ಲ ಚಿತ್ರಗಳಿಗೂ ಹೀಗೆ ಮಾಡಲಾಗದು, ಆರಿಸಬೇಕು. ಮಾಟುಂಗದ ಆಟಗಳಿಂದ ನಾನು ಇನ್ನೂರನ್ನು ಆರಿಸಿದ್ದೇನೆ, ಸುಮಾರು 29 ಜಿಬಿ ಆಯಿತು. ಒಂದು ಪ್ರತಿ ಮನೆಯ ಡಿಸ್ಕಿನಲ್ಲಿದೆ, ಒಂದು ಕ್ಲೌಡ್‌ನಲ್ಲಿದೆ, ಮೂರನೆಯದನ್ನು ಈ ಸಲ ಊರಿಗೆ ಹೋಗುವಾಗ ಆ ಕಲಾವಿದರಿಗೇ ಕೊಟ್ಟು ಬರುತ್ತೇನೆ.